ಜೋಲು ಬಿದ್ದ ಸ್ಟೀಮ್ ಪೈಪಿಗೆ ವಾಟ ಕೊಟ್ಟ ಕೆಲಸ

ನಮ್ಮ ಬೇಸ್‌ಮೆಂಟಿನಲ್ಲಿ, ಮನೆ ಬಿಸಿಮಾಡುವ ಹಬೆ ಓಡುವ ಸ್ಟೀಮ್ ಪೈಪಿನೊಳಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ನೀರು ನಿಲ್ಲುತ್ತಿತ್ತು. ರೋಗ ಅಷ್ಟೇ. ಆದರೆ ಅಷ್ಟು ನೀರಿಗೇ ಚಳಿಗಾಲದ ಬೆಳಗಿನ ಜಾವ ಮನೆಯೆಲ್ಲ ಢಣ್ ಢಣ್ ಅನ್ನುತ್ತಿತ್ತು. ಮಹಡಿಯ ಬೆಡ್‌ರೂಮಿನ ರೇಡಿಯೇಟರ್ (ಹಬೆಯಿಂದ ಕೋಣೆ ಬಿಸಿಮಾಡುವ ಸಾಧನ) ಕಂದು ನೀರು ಉಗುಳುತ್ತಿತ್ತು, ಗೋಡೆಗೆ ಕಲೆ ಬಿದ್ದಿತ್ತು. ನೋಡಲು ಬಂದ ರಿಪೇರಿಯವರು, "ಸ್ಟೀಮ್ ಮನೆ ಅಂದಮೇಲೆ ಬಡಿದೇ ಬಡಿಯುತ್ತೆ, ಬೇಕಾದರೆ ಬಾಯ್ಲರ್ ಬದಲಾಯಿಸಿ" ಎಂದು ಹೇಳಿ ಹೋದರು. ಸ್ಟೀಮ್ ಮನೆ ಬಡಿಯಲೇಬೇಕು ಅಂತೇನೂ ಇಲ್ಲ. ವಾಟ, ಅಂದರೆ ಪೈಪಿನ ಇಳಿಜಾರು, ಸರಿ ಇದ್ದರೆ ಅದು ಸುಮ್ನೆ ಇರುತ್ತದೆ.

ಮನೆ ಇರುವುದು ನ್ಯೂ ಜೆರ್ಸಿಯ ಉತ್ತರ ಭಾಗದಲ್ಲಿ, ಕಟ್ಟಿದ್ದು 1926ರಲ್ಲಿ. ಈ ಕಡೆಯ ಹಳೆಯ ಊರುಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಬೇಸ್‌ಮೆಂಟಿನಲ್ಲಿ ಗ್ಯಾಸ್ ಬಾಯ್ಲರ್, ಕೋಣೆಗೊಂದು ಬೀಡು ಕಬ್ಬಿಣದ ರೇಡಿಯೇಟರ್. ಪ್ರತಿ ರೇಡಿಯೇಟರಿಗೂ ಇರುವುದು ಒಂದೇ ಪೈಪು. ಇದನ್ನು 'ಒನ್ ಪೈಪ್ ಸ್ಟೀಮ್' ಎನ್ನುತ್ತಾರೆ. ಪಂಪ್ ಇಲ್ಲ, ಫ್ಯಾನ್ ಇಲ್ಲ. ನೀರು ಕುದಿದು ಹಬೆಯಾಗಿ ಮೇಲೆ ಹೋಗುತ್ತದೆ, ರೇಡಿಯೇಟರಿನಲ್ಲಿ ತಣಿದು ನೀರಾಗುತ್ತದೆ, ಬಂದ ಪೈಪಿನಲ್ಲೇ ಕೆಳಗೆ ಇಳಿಯುತ್ತದೆ. ಆ ನೀರನ್ನು ಬಾಯ್ಲರಿಗೆ ವಾಪಸ್ ತರುವುದು ಭೂಮಿಯ ಸೆಳೆತ ಒಂದೇ. ಅದಕ್ಕೇ ಇಡೀ ವ್ಯವಸ್ಥೆಯಲ್ಲಿ ಪೈಪುಗಳ ಇಳಿಜಾರು ಅಷ್ಟು ಮುಖ್ಯ.

ಯಾವ ಪೈಪು ಯಾವ ಕಡೆ ಇಳಿಯಬೇಕು

ಒಂದೇ ಮನೆಯಲ್ಲಿ ಪೈಪುಗಳು ಬೇರೆ ಬೇರೆ ದಿಕ್ಕಿಗೆ ಇಳಿಯುತ್ತವೆ. ಹೊಸಬರಿಗೆ ಗೊಂದಲ ಆಗುವುದು ಇಲ್ಲೇ.

ಬಾಯ್ಲರಿನಿಂದ ಹೊರಟು ಬೇಸ್‌ಮೆಂಟಿನ ಸೂರಿನುದ್ದಕ್ಕೂ ಓಡುವ ದೊಡ್ಡ ಪೈಪು ಮೇನ್. ನಮ್ಮದು 2 ಇಂಚಿನದು. ನಮ್ಮ ಮನೆಯಲ್ಲಿ ಅದು ಬಾಯ್ಲರಿನಿಂದ ದೂರ ಹೋದಂತೆ ಕೆಳಗಿಳಿಯುತ್ತದೆ. ಹಬೆಯೂ ಆ ಕಡೆಗೇ, ನೀರೂ ಆ ಕಡೆಗೇ. ಒಂದಕ್ಕೊಂದು ಅಡ್ಡ ಬರುವುದಿಲ್ಲ, ಹಾಗಾಗಿ ಸಣ್ಣ ವಾಟ ಸಾಕು: 20 ಅಡಿಗೆ 1 ಇಂಚು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಮೀಟರಿಗೆ ಸುಮಾರು 4 ಮಿಲಿಮೀಟರ್. ಕಣ್ಣಿಗೆ ಕಾಣುವುದೇ ಇಲ್ಲ. ಮೇನ್ ಮುಗಿದಲ್ಲಿ ಪೈಪು ನೆಲದ ಹತ್ತಿರಕ್ಕೆ ಇಳಿದು, ಬಾಯ್ಲರಿನ ನೀರಿನ ಮಟ್ಟಕ್ಕಿಂತ ಕೆಳಗೆ ಹಾದು, ವಾಪಸ್ ಬಾಯ್ಲರ್ ಸೇರುತ್ತದೆ. ಈ ಕೆಳಗಿನ ಪೈಪಿನಲ್ಲಿ ಯಾವಾಗಲೂ ನೀರು ತುಂಬಿರುತ್ತದೆ. ಅದರ ವಾಟದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೆಲವು ಮನೆಗಳಲ್ಲಿ ಮೇನ್ ಉಲ್ಟಾ ಇರುತ್ತದೆ. ಬಾಯ್ಲರಿನಿಂದ ದೂರ ಹೋದಂತೆ ಏರುತ್ತದೆ, ನೀರು ಹಬೆಗೆ ಎದುರಾಗಿ ಹರಿದು ಬರುತ್ತದೆ. ಅಲ್ಲಿ ವಾಟ ಕನಿಷ್ಠ ಎರಡರಷ್ಟು ಬೇಕು, 10 ಅಡಿಗೆ 1 ಇಂಚು. ಪೈಪೂ ಒಂದು ಸೈಜ್ ದೊಡ್ಡದಿರಬೇಕು. ನಿಮ್ಮ ಮನೆಯದು ಯಾವ ಜಾತಿ ಎಂದು ಗೊತ್ತು ಮಾಡಿಕೊಳ್ಳದೆ, ಪೈಪನ್ನು ಸೂರಿನಿಂದ ನೇತುಹಾಕಿರುವ ಹ್ಯಾಂಗರಿಗೆ ಕೈ ಹಾಕಬೇಡಿ. ಮೇನ್‌ನ ಕೊನೆ ಹುಡುಕಿ ನೋಡಿ. ಕೊನೆಯಲ್ಲಿ ನೆಲಕ್ಕಿಳಿಯುವ ಪೈಪು ಇದ್ದರೆ ನಮ್ಮ ಮನೆಯ ಥರ. ಇಲ್ಲದಿದ್ದರೆ ಹೆಚ್ಚುಕಡಿಮೆ ಉಲ್ಟಾ ಜಾತಿಯೇ.

ಮೇನ್‌ನಿಂದ ಪಕ್ಕಕ್ಕೆ ಹೊರಟು ಗೋಡೆಯೊಳಗೆ ನೆಟ್ಟಗೆ ಮೇಲೇರುವ ಪೈಪು, ಅಂದರೆ ರೈಸರ್ ತನಕ ಹೋಗುವ ಅಡ್ಡ ತುಂಡಿಗೆ ರನ್‌ಔಟ್ ಎನ್ನುತ್ತಾರೆ. ನಿಜವಾದ ಜಗಳ ನಡೆಯುವುದು ಇದರಲ್ಲಿ. ಹಬೆ ಮೇಲೆ ಹೋಗುತ್ತಿರುತ್ತದೆ, ಅದೇ ಸಣ್ಣ ಪೈಪಿನ ತಳದಲ್ಲಿ ನೀರು ಎದುರು ಬರುತ್ತಿರುತ್ತದೆ. ಅದಕ್ಕೇ ಇಲ್ಲಿ ಅಡಿಗೆ ಅರ್ಧ ಇಂಚು ವಾಟ ಬೇಕು, ಅದೂ ಮೇನ್ ಕಡೆಗೆ. ಮೇನ್‌ಗೆ ಕೊಟ್ಟಿದ್ದರ ಹತ್ತು ಪಟ್ಟು! ರನ್‌ಔಟ್ 8 ಅಡಿಗಿಂತ ಉದ್ದ ಇದ್ದರೆ ಪೈಪನ್ನೂ ಒಂದು ಸೈಜ್ ದೊಡ್ಡದು ಹಾಕುವುದು ರೂಢಿ.

ರೇಡಿಯೇಟರ್ ತನ್ನ ವಾಲ್ವ್ ಕಡೆಗೆ ಚೂರು ವಾಲಿರಬೇಕು. ಒನ್ ಪೈಪ್ ವ್ಯವಸ್ಥೆಯಲ್ಲಿ ನೀರಿಗೆ ಆ ವಾಲ್ವ್ ಬಿಟ್ಟರೆ ಹೊರಹೋಗುವ ದಾರಿ ಬೇರೆ ಇಲ್ಲ. ಅದೇ ಕಾರಣಕ್ಕೆ ವಾಲ್ವನ್ನು ಪೂರ್ತಿ ತೆರೆದಿಡಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಕೋಣೆ ಜಾಸ್ತಿ ಬಿಸಿ ಅಂತ ಅರ್ಧ ತಿರುಗಿಸಿಟ್ಟರೆ ಹಬೆ ಒಳಗೆ ನುಗ್ಗುತ್ತದೆ, ನೀರು ಹೊರಗೆ ಬರಲಾಗದೆ ಒಳಗೇ ತುಂಬುತ್ತದೆ. ನಮ್ಮ ಮನೆಗೆ ಬಂದ ನೆಂಟರೆಲ್ಲ ಮಾಡುವ ಕೆಲಸ ಇದು.

ಬಡಿತ ಯಾಕೆ

ಒಂದು ಪಾಲು ನೀರು ಹಬೆಯಾದರೆ ಸುಮಾರು 1,700 ಪಾಲು ಜಾಗ ಹಿಡಿಯುತ್ತದೆ. ಪೈಪಿನ ತಗ್ಗಿನಲ್ಲಿ ತಣ್ಣಗಾದ ನೀರು ನಿಂತಿದೆ ಎಂದುಕೊಳ್ಳಿ. ಬಿಸಿ ಹಬೆ ಬಂದು ಅದಕ್ಕೆ ತಾಗಿದ ಕೂಡಲೇ ಅಷ್ಟೂ ಹಬೆ ಕ್ಷಣದಲ್ಲಿ ಒಂದು ಹನಿ ನೀರಾಗಿಬಿಡುತ್ತದೆ. ಅದು ಇದ್ದ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಸುತ್ತಲಿನ ನೀರು ರಪ್ಪನೆ ನುಗ್ಗಿ ಪೈಪಿಗೆ ಅಪ್ಪಳಿಸುತ್ತದೆ. ಇನ್ನೊಂದು ಬಗೆಯೂ ಇದೆ. 2 ಇಂಚಿನ ಮೇನ್ ಪೂರ್ತಿ ಲೋಡಿನಲ್ಲಿದ್ದರೆ ಹಬೆ ಗಂಟೆಗೆ ಸುಮಾರು 20 ಮೈಲಿ ವೇಗದಲ್ಲಿ ಓಡುತ್ತಿರುತ್ತದೆ. ನಿಂತ ನೀರಿನ ಮೇಲೆ ಹಾಗೆ ಬೀಸುತ್ತಾ ಅಲೆ ಎಬ್ಬಿಸುತ್ತದೆ. ಅಲೆ ಪೈಪಿನ ನೆತ್ತಿ ಮುಟ್ಟಿತೋ, ಹಿಂದಿನ ಹಬೆ ಅದನ್ನು ಗಟ್ಟಿ ಬೆಣೆ ಮಾಡಿ ತಳ್ಳಿಕೊಂಡು ಹೋಗಿ ಮುಂದಿನ ಎಲ್ಬೋಗೆ, ಅಂದರೆ ಪೈಪಿನ ತಿರುವಿಗೆ, ಹೊಡೆಯುತ್ತದೆ. ನಮ್ಮಲ್ಲಿ ಎರಡೂ ಆಗುತ್ತಿತ್ತು ಎಂದು ನನ್ನ ಲೆಕ್ಕ. ರೇಡಿಯೇಟರಿನಿಂದ ನೀರು ಉಗುಳುತ್ತಿತ್ತಲ್ಲ, ಅದು ಎರಡನೆಯದರ ಗುರುತು.

ಸದ್ದು ಕೇಳಿದ ಜಾಗದಲ್ಲೇ ತೊಂದರೆ ಇದೆ ಎಂದು ನಂಬಬೇಡಿ. ಕಬ್ಬಿಣದ ಪೈಪು ಸದ್ದನ್ನು ಮನೆಯಿಡೀ ಹೊತ್ತು ತಿರುಗುತ್ತದೆ. ನಾನು ಬೇಸ್‌ಮೆಂಟಿನಲ್ಲಿ ನಿಂತು, ನಮ್ಮನೆಯವರನ್ನು ಮಹಡಿಯಲ್ಲಿ ಕೂರಿಸಿ, ಫೋನಿನಲ್ಲಿ ಮಾತಾಡುತ್ತಾ ಬಾಯ್ಲರ್ ಹಚ್ಚಿದೆ.

"ರೀ, ಬಡೀತು ಈಗ. ನಿಮ್ಮ ಕಡೆಯಾ, ನನ್ನ ಕಡೆಯಾ?"

"ಇಲ್ಲೇ, ರೇಡಿಯೇಟರ್ ಒಳಗೇ ಕಣೆ."

ನನಗೆ ಅದು ನನ್ನ ತಲೆಯ ಮೇಲೇ ಆದ ಹಾಗಿತ್ತು. ಕಿವಿಯಿಂದ ಬಗೆಹರಿಯಲಿಲ್ಲ. ಆದರೆ ಸಮಯ ಒಂದು ಸುಳಿವು ಕೊಟ್ಟಿತು. ಪೈಪಿನ ಮೇಲೆ ಬಿಸಿ ಎಲ್ಲಿಯವರೆಗೆ ಬಂತು ಎಂದು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡುತ್ತಾ ಹೋದೆ. ಬಾಯ್ಲರಿನಿಂದ 11 ಅಡಿ ದಾಟುವ ಹೊತ್ತಿಗೆ ಬಿಸಿ ತುಸು ತಡೆಯುತ್ತಿತ್ತು, ಆಗಲೇ ಬಡಿತ ಶುರು. ಮಹಡಿಯ ರೇಡಿಯೇಟರ್ ಆಗ ಇನ್ನೂ ಪೂರ್ತಿ ತಣ್ಣಗಿತ್ತು. ಹಬೆಯೇ ತಲುಪದ ಕಡೆ ಬಡಿತ ಹುಟ್ಟುವುದು ಹೇಗೆ, ಅಲ್ವಾ?

ಅಳತೆ

ಇಲ್ಲಿ ಆತುರ ಪಟ್ಟರೆ ಕೆಲಸ ಕೆಡುತ್ತದೆ. 2 ಅಡಿಯ ರಸಮಟ್ಟ ಪೈಪಿನ ಮೇಲಿಟ್ಟು 'ಸರಿ ಇದೆ' ಎನ್ನುವುದು ಅಳತೆಯಲ್ಲ. 20 ಅಡಿಗೆ 1 ಇಂಚು ಎಂದರೆ 2 ಅಡಿಗೆ ಇಂಚಿನ ಹತ್ತನೇ ಒಂದು ಪಾಲು. ಪೈಪಿನ ಮೇಲಿನ ಬಣ್ಣ, ತುಕ್ಕು ಇವೇ ಅಷ್ಟು ದಪ್ಪ ಇರುತ್ತವೆ. ಸೂರಿನ ಜಂತಿಗಳಿಂದ ಟೇಪ್ ಇಳಿಬಿಟ್ಟು ಅಳೆಯುವುದೂ ಪ್ರಯೋಜನವಿಲ್ಲ. ನೂರು ವರ್ಷದ ಮನೆಯ ಜಂತಿಗಳು ತಾವೇ ಬಾಗಿರುತ್ತವೆ.

ಊರಲ್ಲಿ ಗಾರೆ ಕೆಲಸದವರು ಬಳಸುವ ಟ್ಯೂಬ್ ಲೆವೆಲ್ ಇದಕ್ಕೆ ಚೆನ್ನಾಗಿ ಆಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಒಳಗೆ ಬಣ್ಣ ಹಾಕಿದ ನೀರು, ಗಾಳಿಗುಳ್ಳೆ ಒಂದೂ ಇರಬಾರದು. ನಾನು ಲೇಸರ್ ಲೆವೆಲ್ ಇಟ್ಟು ಗೋಡೆಯುದ್ದಕ್ಕೂ ಒಂದು ಗೆರೆ ಬೀಳಿಸಿ, ಎರಡು ತುದಿಗಳನ್ನು ಟ್ಯೂಬಿನಲ್ಲಿ ತಾಳೆ ನೋಡಿದೆ. ಗೆರೆಯಿಂದ ಪೈಪಿನ ತಳಕ್ಕೆ ಎಷ್ಟು ಎಂದು ಎರಡೆರಡು ಅಡಿಗೆ ಅಳೆದು, ಅಲ್ಲಲ್ಲೇ ಮಾಸ್ಕಿಂಗ್ ಟೇಪ್ ಅಂಟಿಸಿ ಬರೆದೆ. ಅಳೆಯುವುದು ಬರೀ ಪೈಪಿನ ಮೇಲೆ. ಕಪ್ಲಿಂಗ್, ಟೀ ಇಂಥ ಜೋಡಣೆಗಳ ಮೇಲೆ ಅಳೆದರೆ ಅವುಗಳ ದಪ್ಪವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೇನ್‌ನ ಉದ್ದ 24 ಅಡಿ. 20 ಅಡಿಗೆ 1 ಇಂಚಿನ ಲೆಕ್ಕದಲ್ಲಿ ಕೊನೆಯಲ್ಲಿ 1.2 ಇಂಚು ಕೆಳಗಿರಬೇಕು. ಇದ್ದದ್ದು 1¼ ಇಂಚು. ಎರಡು ತುದಿ ನೋಡಿದವರು ಯಾರೇ ಆದರೂ ವಾಟ ಸರಿಯಾಗಿದೆ ಎಂದೇ ಹೇಳುತ್ತಾರೆ. ನಡುವಿನ ಅಳತೆಗಳು ಬೇರೆಯೇ ಹೇಳುತ್ತಿದ್ದವು. 6 ಅಡಿಯಲ್ಲಿ ⅜ ಇಂಚು ಕೆಳಗೆ, ಸರಿ. 10 ಅಡಿಯಲ್ಲಿ 1⅛. 14 ಅಡಿಯಲ್ಲಿ 1⅝. ಅಲ್ಲಿಂದ ಮುಂದೆ ಪೈಪು ಇಳಿಯುವ ಬದಲು ಏರುತ್ತದೆ: 18 ಅಡಿಯಲ್ಲಿ 1½, ಕೊನೆಯಲ್ಲಿ 1¼. ಅಂದರೆ ನಡುವಿನ ತಗ್ಗು ಕೊನೆಗಿಂತ ⅜ ಇಂಚು ಆಳ. ಮಲೆನಾಡಿನಲ್ಲಿ ಸೂರಿನಡಿ ಕಟ್ಟುವ ಅಡಿಕೆ ದಬ್ಬೆಯದೂ ಇದೇ ಪಾಡು. ಎರಡು ತುದಿಯ ಕಟ್ಟು ಎಷ್ಟೇ ಸರಿ ಇರಲಿ, ನಡುವೆ ಜೋಲು ಬಿದ್ದರೆ ಮಳೆ ನಿಂತ ಮೇಲೂ ನೀರು ಅಲ್ಲೇ ಕೂತಿರುತ್ತದೆ. ನಮ್ಮ ಪೈಪಿನಲ್ಲಿ ಸುಮಾರು 11 ಅಡಿಯಿಂದ ಕೊನೆಯವರೆಗೂ ತೆಳ್ಳಗೆ ಹರಡಿದ ನೀರು. ಒಟ್ಟು ಲೆಕ್ಕ ಹಾಕಿದರೆ 430 ಮಿಲಿಲೀಟರ್ ಆಸುಪಾಸು. ಪ್ರತಿಸಲ ಬಾಯ್ಲರ್ ಆರಿದಾಗ ಅದು ಅಲ್ಲೇ ತಣಿಯುತ್ತಿತ್ತು, ಮುಂದಿನ ಸಲ ಹಬೆ ಬಂದು ಅದಕ್ಕೇ ಡಿಕ್ಕಿ.

ಜೋಲು ಯಾಕೆ ಬಿತ್ತು ಎಂದು ಟಾರ್ಚ್ ಹಿಡಿದು ಮೇಲೆ ನೋಡಿದೆ. 6 ಅಡಿಯಲ್ಲಿ ಒಂದು ಹ್ಯಾಂಗರ್, 22 ಅಡಿಯಲ್ಲಿ ಇನ್ನೊಂದು. ನಡುವೆ 16 ಅಡಿ ಏನೂ ಇಲ್ಲ. ಈ ಸೈಜಿನ ಕಬ್ಬಿಣದ ಪೈಪಿಗೆ 10 ಅಡಿಯೊಳಗೆ ಒಂದಾದರೂ ಆಸರೆ ಬೇಕು. 14 ಅಡಿಯ ಜಂತಿಯ ಪಕ್ಕದಲ್ಲಿ ಎರಡು ಹಳೆಯ ಸ್ಕ್ರೂ ತೂತು, ಅದರ ಸುತ್ತ ತುಕ್ಕಿನ ಕಲೆ. ಅದರ ನೇರ ಕೆಳಗೆ ಪೈಪಿನ ಮೇಲೆ ಬಣ್ಣ ತಾಗದ ಒಂದು ಉಂಗುರದ ಗುರುತು. ಹಿಂದೆ ಯಾರೋ ಅಲ್ಲಿ ಬಟ್ಟೆ ಒಣಗಿಸುವ ಡ್ರೈಯರಿನ ಗಾಳಿ ಕೊಳವೆ ಹಾಯಿಸಲು ಹ್ಯಾಂಗರ್ ಬಿಚ್ಚಿದ್ದಾರೆ, ವಾಪಸ್ ಹಾಕಿಲ್ಲ. ಕೊಳವೆ ಮಾತ್ರ ನೀಟಾಗಿದೆ.

ಎತ್ತುವುದಾ, ಇಳಿಸುವುದಾ

ನಡು ಎತ್ತುವ ಬದಲು ಕೊನೆಯನ್ನೇ ಇಳಿಸಿದರೆ ಸುಲಭ ಎನಿಸಬಹುದು. ನಾನೂ ಲೆಕ್ಕ ಹಾಕಿ ನೋಡಿದೆ. ತಗ್ಗಿನಿಂದ ಮುಂದೆಯೂ ವಾಟ ಸಿಗಬೇಕಾದರೆ ಕೊನೆಯನ್ನು ⅞ ಇಂಚು ಇಳಿಸಬೇಕು. ಆದರೆ ಮೇನ್‌ನ ಕೊನೆ ಬಾಯ್ಲರಿನ ನೀರಿನ ಮಟ್ಟಕ್ಕಿಂತ ಕನಿಷ್ಠ 28 ಇಂಚು ಮೇಲಿರಬೇಕು ಎಂಬುದು ಒನ್ ಪೈಪ್ ವ್ಯವಸ್ಥೆಯ ಹಳೆಯ ಕಟ್ಟಳೆ. ಹಬೆ ಓಡುತ್ತಾ ಓಡುತ್ತಾ ಒತ್ತಡ ಕಳೆದುಕೊಳ್ಳುತ್ತದೆ. ಬಾಯ್ಲರಿನೊಳಗೆ ಒತ್ತಡ ಜಾಸ್ತಿ, ಮೇನ್‌ನ ಕೊನೆಯಲ್ಲಿ ಕಡಿಮೆ. ಆ ವ್ಯತ್ಯಾಸವನ್ನು ಗೆದ್ದು ನೀರು ಬಾಯ್ಲರಿನೊಳಗೆ ಹೋಗಬೇಕಾದರೆ ಅದು ಕೊನೆಯ ಇಳಿಪೈಪಿನಲ್ಲಿ ಎತ್ತರಕ್ಕೆ ತುಂಬಿ ನಿಲ್ಲಬೇಕು. ಜಾಗ ಸಾಲದಿದ್ದರೆ ನೀರು ಮೇನ್‌ಗೇ ಹಿಮ್ಮೆಟ್ಟುತ್ತದೆ. ನಮ್ಮಲ್ಲಿ ಬಾಯ್ಲರಿನ ಗಾಜಿನ ಕೊಳವೆಯ ನೀರಿನ ಗೆರೆಯಿಂದ ಮೇನ್‌ನ ಕೊನೆಗೆ ಇದ್ದದ್ದು 29 ಇಂಚು. ⅞ ಇಳಿಸಿದರೆ ಉಳಿಯುವುದು 28⅛. ಅಷ್ಟು ಅಂಚಿಗೆ ಹೋಗಿ ನಿಲ್ಲುವುದು ನನಗೆ ಇಷ್ಟವಾಗಲಿಲ್ಲ. ಹಾಗಾಗಿ ಎತ್ತುವುದೇ ಎಂದಾಯಿತು. 14 ಅಡಿಯಲ್ಲಿ 1⅝ ಇದ್ದದ್ದು ¾ಕ್ಕೆ ಬರಬೇಕು. ಅಲ್ಲೂ ಅದೇ ⅞ ಇಂಚು, ಆದರೆ ಮೇಲಕ್ಕೆ.

ಎತ್ತುವ ಮುಂಚೆ ಇನ್ನೊಂದು ಲೆಕ್ಕ ಇದೆ, ಅದನ್ನು ಬಹಳ ಜನ ಬಿಡುತ್ತಾರೆ. ಮೇನ್ ಎತ್ತಿದರೆ ಅದಕ್ಕೆ ಸೇರಿದ ರನ್‌ಔಟ್‌ನ ಮೇನ್ ಕಡೆಯ ತುದಿಯೂ ಏಳುತ್ತದೆ, ಅಂದರೆ ರನ್‌ಔಟ್‌ನ ವಾಟ ಅಷ್ಟು ಕಡಿಮೆಯಾಗುತ್ತದೆ. ಈ ಮೇನ್‌ನಲ್ಲಿ ಮೂರು ರನ್‌ಔಟ್‌ಗಳಿವೆ. ಎರಡರಲ್ಲಿ ವಾಟ ಧಾರಾಳವಾಗಿತ್ತು. ಮೂರನೆಯದು ಬೆಡ್‌ರೂಮಿಗೆ ಹೋಗುವುದು. ಅದು ಹೊರಡುವುದೇ 15 ಅಡಿಯಲ್ಲಿ, ಜೋಲಿನ ಪಕ್ಕದಲ್ಲೇ. ಅದರ ಉದ್ದ 4 ಅಡಿ, ಇದ್ದ ವಾಟ 2⅝ ಇಂಚು, ಬೇಕಾದದ್ದು 2. ಮೇನ್ ⅞ ಎದ್ದರೆ ಇದರಲ್ಲಿ ಉಳಿಯುವುದು 1¾. ಕಾಲು ಇಂಚು ಸಾಲದು. ಅದನ್ನು ಮಹಡಿಯಿಂದ ತುಂಬಿಕೊಡಬೇಕು: ರೇಡಿಯೇಟರನ್ನೇ ಕಾಲು ಇಂಚು ಎತ್ತಿದರೆ ರೈಸರ್ ಮೇಲಕ್ಕೆ ಬರುತ್ತದೆ, ಅದರ ಜೊತೆ ರನ್‌ಔಟ್‌ನ ಆ ತುದಿಯೂ ಏಳುತ್ತದೆ.

ಹ್ಯಾಂಗರ್

ಬಾಯ್ಲರಿನ ಸ್ವಿಚ್ ಆಫ್ ಮಾಡಿ ಪೈಪು ಪೂರ್ತಿ ತಣಿಯಲು ಬಿಟ್ಟೆ. ಕೆಲಸಕ್ಕೆ ಬೇಕಾದದ್ದು 2 ಇಂಚಿನ ಪೈಪಿಗೆ ಕೂರುವ ಕ್ಲೆವಿಸ್ ಹ್ಯಾಂಗರ್, ⅜ ಇಂಚಿನ, ಮರೆ (ನಟ್ಟು ತಿರುಗುವ ಸುತ್ತುಗೆರೆ) ಇರುವ ರಾಡ್, ಜಂತಿಯ ಪಕ್ಕಕ್ಕೆ ಸ್ಕ್ರೂ ಮಾಡುವ ಬ್ರ್ಯಾಕೆಟ್, ನಾಲ್ಕಾರು ನಟ್ಟು, ವಾಷರ್ರು. ಹೆಚ್ಚಿನ ಖರ್ಚೇನಿಲ್ಲ. ತೂತಿನ ಪಟ್ಟಿಯಲ್ಲಿ ಪೈಪನ್ನು ನೇತುಹಾಕುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಪಟ್ಟಿಯಲ್ಲಿ ಎತ್ತರ ಸರಿಮಾಡಲು ಒಂದೊಂದೇ ತೂತು ಹಾರಬೇಕು. ರಾಡ್‌ನಲ್ಲಿ ನಟ್ಟು ತಿರುಗಿಸಿದಷ್ಟೇ ಏಳುತ್ತದೆ.

ಆ ನಟ್ಟಿನಲ್ಲೇ ಒಂದು ಅನುಕೂಲ ಇದೆ. ⅜ ಇಂಚಿನ ಸಾಮಾನ್ಯ ರಾಡ್‌ಗೆ ಇಂಚಿಗೆ 16 ಮರೆ. ಒಂದು ಸುತ್ತು ಎಂದರೆ ಇಂಚಿನ ಹದಿನಾರನೇ ಒಂದು ಪಾಲು. ನಾಲ್ಕು ಸುತ್ತಿಗೆ ಕಾಲು ಇಂಚು, ಹದಿನಾಲ್ಕು ಸುತ್ತಿಗೆ ನಮ್ಮ ⅞. ಅಳತೆಪಟ್ಟಿ ನೋಡದೇ ಸ್ಪ್ಯಾನರಿನ ಸುತ್ತು ಎಣಿಸಿದರೆ ಸಾಕು. ನಟ್ಟಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಂಡೆ.

ಬ್ರ್ಯಾಕೆಟ್ಟನ್ನು ಹಳೆಯ ತೂತಿನಿಂದ ಸ್ವಲ್ಪ ಪಕ್ಕಕ್ಕೆ, ಹೊಸ ಮರ ಸಿಗುವಲ್ಲಿ, ಮೊದಲು ತೂತು ಕೊರೆದು ಲ್ಯಾಗ್ ಸ್ಕ್ರೂ ಹಾಕಿ ಬಿಗಿದೆ. ಈ ಹಳೆಯ ಮರ ಎಷ್ಟು ಗಟ್ಟಿ ಎಂದರೆ ತೂತು ಕೊರೆಯದೆ ಸ್ಕ್ರೂ ಹಾಕಿದರೆ ಸ್ಕ್ರೂವಿನ ತಲೆಯೇ ಕಿತ್ತುಬರುತ್ತದೆ. ಹ್ಯಾಂಗರಿನ ತೊಟ್ಟಿಲಲ್ಲಿ ಪೈಪು ಕೂತ ಮೇಲೆ ಮೊದಲು ಎರಡೇ ಸುತ್ತು. ಬಾಯ್ಲರ್ ಹಚ್ಚಿ, ಪೈಪು ಬಿಸಿಯಾಗಿ ತಣಿಯಲು ಬಿಟ್ಟೆ. ಮರುದಿನ ಇನ್ನೆರಡು ಸುತ್ತು. ಹೀಗೇ ಕೆಲವು ದಿನ. ಒಂದೇ ಸಲ ಕಾರಿನ ಜಾಕ್ ಕೊಟ್ಟು ಎತ್ತಿದರೆ ಆಗುತ್ತದೆ, ಆದರೆ ನೂರು ವರ್ಷದ ಮರೆಯ ಜೋಡಣೆಗಳು ಅದನ್ನು ಸಹಿಸುವುದಿಲ್ಲ. ಎಲ್ಲೋ ಒಂದು ಟೀ ಬಿರುಕು ಬಿಟ್ಟರೆ ನಡು ಚಳಿಗಾಲದಲ್ಲಿ ಮನೆಗೆ ಹೀಟ್ ಇಲ್ಲ. ಪ್ರತಿ ಸಲವೂ ಹತ್ತಿರದ ಜೋಡಣೆಗಳಿಗೆ ಒಣ ಟಿಶ್ಯೂ ಕಾಗದ ಒತ್ತಿ ನೋಡುತ್ತಿದ್ದೆ. ಒದ್ದೆಯಾದರೆ ನಿಲ್ಲಿಸಬೇಕು. ಆಗಲಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಪೈಪಿನ ಮೇಲೆ ಬಿಳಿಯ, ಸುಕ್ಕು ರಟ್ಟಿನಂಥ ಹಳೆಯ ಹೊದಿಕೆ ಇದ್ದರೆ ಮುಟ್ಟಬೇಡಿ. ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಬಹಳ. ಹ್ಯಾಂಗರ್ ಕೂರಿಸಲು ಒಂದು ತುಂಡು ಕಿತ್ತರೂ ಅದರ ಧೂಳು ಮನೆಗೆಲ್ಲ ಹರಡುತ್ತದೆ. ಪರೀಕ್ಷೆ ಮಾಡಿಸಿ, ತೆಗೆಯುವುದಿದ್ದರೆ ಲೈಸೆನ್ಸ್ ಇರುವವರಿಂದಲೇ ತೆಗೆಸಿ. ನಮ್ಮ ಮನೆಯಲ್ಲಿ ನಾವು ಕೊಳ್ಳುವ ಮುಂಚೆಯೇ ತೆಗೆಸಿದ್ದರು, ಆದರೆ ಬೇರೆ ಹೊದಿಕೆ ಹಾಕಿಸಿರಲಿಲ್ಲ. ಅದೂ ಈ ಬಡಿತಕ್ಕೆ ತುಪ್ಪ ಸುರಿದಿತ್ತು. ಬರಿಯ ಪೈಪಿನಲ್ಲಿ ಹಬೆ ದಾರಿಯಲ್ಲೇ ತಣಿಯುತ್ತದೆ, ಮೇನ್‌ನಲ್ಲಿ ನೀರು ಇನ್ನೂ ಜಾಸ್ತಿಯಾಗುತ್ತದೆ.

ಮಹಡಿಯ ರೇಡಿಯೇಟರ್

ಮೇನ್ ತನ್ನ ಜಾಗಕ್ಕೆ ಬಂದ ಮೇಲೆ ರನ್‌ಔಟ್ ಅಳೆದೆ. ಲೆಕ್ಕದ ಪ್ರಕಾರವೇ 1¾. ಇನ್ನು ಮಹಡಿಗೆ.

ಬೀಡು ಕಬ್ಬಿಣದ ರೇಡಿಯೇಟರ್ ಒಬ್ಬರ ಕೈಯಲ್ಲಿ ಏಳುವುದಲ್ಲ. ನೆಲಕ್ಕೆ ಮರದ ತುಂಡು ಹಾಸಿ, ಅದರ ಮೇಲೆ ಹಾರೆ ಊರಿ ನಾನು ಮೀಟುವುದು, ನಮ್ಮನೆಯವರು ಕಾಲಿನಡಿಗೆ ಪ್ಲೈವುಡ್ ಬಿಲ್ಲೆ ತಳ್ಳುವುದು. ಕಾಲು ಇಂಚಿನ ಪ್ಲೈವುಡ್‌ನಲ್ಲಿ ದುಂಡಗೆ ಕತ್ತರಿಸಿಕೊಂಡಿದ್ದೆ. ಮೊದಲು ವಾಲ್ವ್ ಕಡೆಯ ಎರಡು ಕಾಲು. ಇದು ರೈಸರ್ ಎತ್ತಲು. ವಾಲ್ವನ್ನು ರೇಡಿಯೇಟರಿಗೆ ಕೂಡಿಸುವ ದೊಡ್ಡ ಯೂನಿಯನ್ ನಟ್ಟನ್ನು ನಾನು ಮುಟ್ಟಲಿಲ್ಲ. ಕಾಲು ಇಂಚಿಗೆ ಪೈಪು ತಾನೇ ಬಾಗಿಕೊಡುತ್ತದೆ. ಹಳೆಯ ಯೂನಿಯನ್ ಒಮ್ಮೆ ಸಡಿಲಿಸಿದರೆ ಮತ್ತೆ ಹಬೆ ಬಿಡದಂತೆ ಕೂರುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಆಮೇಲೆ ಆಚೆ ಕಡೆಯ ಕಾಲುಗಳು. ಅಲ್ಲಿ ನೆಲವೇ ಹೊರಗೋಡೆಯ ಕಡೆಗೆ ಇಳಿದಿದೆ, ಹಳೆಯ ಮನೆಯಲ್ಲಿ ಇದು ಮಾಮೂಲು. ರೇಡಿಯೇಟರ್ ವಾಲ್ವಿನಿಂದ ದೂರಕ್ಕೆ ವಾಲಿತ್ತು. ಕೊನೆಯ ಸೆಕ್ಷನ್‌ಗಳ ತಳದಲ್ಲಿ ನೀರು ನಿಂತು, ಗಾಳಿ ಬಿಡುವ ವೆಂಟ್ ನೀರು ಉಗುಳಲು ಇದೂ ಒಂದು ಕಾರಣ. ರಸಮಟ್ಟದ ಗುಳ್ಳೆ ವೆಂಟಿನ ಕಡೆಗೆ ಸ್ಪಷ್ಟವಾಗಿ ಸರಿಯುವ ತನಕ ಬಿಲ್ಲೆ ಕೊಟ್ಟೆವು. ರೇಡಿಯೇಟರಿಗೆ ಜಾಸ್ತಿ ವಾಲಿಸುವ ಅಗತ್ಯ ಇಲ್ಲ. ಇಡೀ ಉದ್ದಕ್ಕೆ ಕಾಲು ಇಂಚು ಸಾಕಾಯಿತು.

ವೆಂಟನ್ನು ಬಿಚ್ಚಿ ವಿನಿಗರ್‌ನಲ್ಲಿ ಕುದಿಸಿ ನೋಡಿದೆ. ಬಾಯಲ್ಲಿ ಊದಿದರೆ ಗಾಳಿ ಹೋಗಲೇ ಇಲ್ಲ. ಹೊಸದು ಹಾಕಿದೆ. ಮೇನ್‌ನ ಕೊನೆಯ ವೆಂಟನ್ನೂ ಆಗಲೇ ಬದಲಾಯಿಸಿದೆ. ಪದೇ ಪದೇ ನೀರಿನ ಹೊಡೆತ ತಿಂದ ವೆಂಟ್ ಬದುಕುವುದಿಲ್ಲ.

ಹಚ್ಚಿ ನೋಡಿದಾಗ

ಎಲ್ಲ ಮುಗಿದ ಮೇಲೆ ಮತ್ತೆ ಲೇಸರ್ ಇಟ್ಟೆ. 6 ಅಡಿಯಲ್ಲಿ ⅜, 10ರಲ್ಲಿ ½, 14ರಲ್ಲಿ ¾, 18ರಲ್ಲಿ ಒಂದಕ್ಕೆ ಕೂದಲೆಳೆ ಕಡಿಮೆ, ಕೊನೆಯಲ್ಲಿ 1¼. ಎಲ್ಲೂ ಏರಿಲ್ಲ. ಬೆಡ್‌ರೂಮಿನ ರನ್‌ಔಟ್ ಸರಿಯಾಗಿ 2 ಇಂಚು.

ಬಾಯ್ಲರ್ ಹಚ್ಚಿದೆ. ಬಿಸಿ 11 ಅಡಿಯಲ್ಲಿ ತಡೆಯಲಿಲ್ಲ, ಒಂದೇ ಸಮನೆ ಮುಂದೆ ಹೋಯಿತು. ಮೇನ್ ವೆಂಟ್ ಸುಯ್ಯೆಂದು ಗಾಳಿ ಬಿಟ್ಟು ಮುಚ್ಚಿಕೊಂಡಿತು. ಮಹಡಿಯಿಂದ ನಮ್ಮನೆಯವರ ಮೆಸೇಜು: "ಬಿಸಿ ಬಂತು. ಬಡೀಲಿಲ್ಲ. ಟಿಕ್ ಟಿಕ್ ಅಂತಿದೆ ಅಷ್ಟೇ."

ಆ ಟಿಕ್ ಟಿಕ್ ಬೇರೆಯೇ ವಿಷಯ. 24 ಅಡಿಯ ಕಬ್ಬಿಣದ ಪೈಪು ಬೇಸ್‌ಮೆಂಟಿನ ತಂಪಿನಿಂದ ಹಬೆಯ ಬಿಸಿಗೆ ಏರಿದಾಗ ಕಾಲು ಇಂಚಿಗಿಂತ ಚೂರು ಹೆಚ್ಚೇ ಉದ್ದವಾಗುತ್ತದೆ. ಎಲ್ಲಾದರೂ ಮರಕ್ಕೆ ಉಜ್ಜಿಕೊಂಡರೆ ಹೀಗೆ ಸದ್ದು ಬರುತ್ತದೆ. ನಮ್ಮಲ್ಲಿ ರೈಸರ್ ನೆಲ ದಾಟುವ ತೂತಿನ ಅಂಚಿಗೆ ತಾಗುತ್ತಿತ್ತು. ರೈಸರ್ ಎತ್ತಿದಾಗ ಅದು ತುಸು ಜರುಗಿತ್ತು. ಅರದಲ್ಲಿ ಮರದ ಅಂಚನ್ನು ಉಜ್ಜಿ ಸಂದು ಮಾಡಿದ ಮೇಲೆ ಅದೂ ಬಹುಪಾಲು ನಿಂತಿತು. ಇದೇ ಕಾರಣಕ್ಕೆ ಹ್ಯಾಂಗರನ್ನು ಪೈಪಿಗೆ ಅದುಮಿ ಬಿಗಿಯಬಾರದು. ಪೈಪು ಅದರಲ್ಲಿ ಕೂತಿರಬೇಕು, ಆದರೆ ಉದ್ದಕ್ಕೆ ಜಾರಲು ಬಿಡಬೇಕು.

ಹೊದಿಕೆ ಹಾಕಿದ್ದು ಕೊನೆಗೆ, 1 ಇಂಚು ದಪ್ಪದ ಫೈಬರ್‌ಗ್ಲಾಸ್. ಅದನ್ನು ಮೊದಲೇ ಹಾಕಿದ್ದರೆ ಪ್ರತಿ ಅಳತೆಗೂ ಬಿಚ್ಚಬೇಕಾಗುತ್ತಿತ್ತು. ಹ್ಯಾಂಗರಿನ ಹತ್ತಿರ ಎರಡು ಕಡೆಯಿಂದ ಕತ್ತರಿಸಿ ಕೂರಿಸಿದೆ. ಬಾಯ್ಲರಿನ ಒತ್ತಡದ ಕಂಟ್ರೋಲನ್ನೂ ನೋಡಿದೆ: ಅರ್ಧ ಪಿಎಸ್‌ಐಗೆ (ಚದರ ಇಂಚಿಗೆ ಅರ್ಧ ಪೌಂಡ್ ಒತ್ತಡ) ಹಚ್ಚಿಕೊಂಡು 1½ಕ್ಕೆ ಆರುತ್ತದೆ. ಇಂಥ ಮನೆಗೆ ಅಷ್ಟು ಬೇಕಾದಷ್ಟಾಯಿತು. ಒತ್ತಡ ಏರಿಸಿದರೆ ಹಬೆ ಬೇಗ ತಲುಪುತ್ತದೆ ಎಂದು ಕೆಲವರು ಅದನ್ನು ತಿರುಗಿಸುತ್ತಾರೆ. ಗ್ಯಾಸ್ ಬಿಲ್ ಏರುತ್ತದೆ, ಮತ್ತೇನೂ ಆಗುವುದಿಲ್ಲ.

ಊಟದ ಕೋಣೆಯ ಕಡೆ ಇನ್ನೊಂದು ಚಿಕ್ಕ ಮೇನ್ ಇದೆ. ಅದರ ಒಂದು ರನ್‌ಔಟ್‌ನಲ್ಲಿ ಅಡಿಗೆ ⅜ ಇಂಚು ಮಾತ್ರ ವಾಟ ಇದೆ, ಪುಸ್ತಕದ ಲೆಕ್ಕಕ್ಕೆ ಕಡಿಮೆ. ಆದರೆ ಅದು ಬಡಿಯುವುದಿಲ್ಲ, ನೀರು ಉಗುಳುವುದಿಲ್ಲ, ರೇಡಿಯೇಟರ್ ತುದಿಯವರೆಗೂ ಬಿಸಿಯಾಗುತ್ತದೆ. ಅದನ್ನು ಮುಟ್ಟಿಲ್ಲ. 14 ಅಡಿಯ ಹ್ಯಾಂಗರಿನ ನಟ್ಟಿನ ಮೇಲೆ ಎರಡನೆಯ ನಟ್ಟು ಹಾಕಿ ಲಾಕ್ ಮಾಡಿದ್ದೇನೆ. ಹೀಟಿಂಗ್ ಸೀಸನ್ ಶುರುವಾಗುವ ಮುಂಚೆ ಅಕ್ಟೋಬರಿನಲ್ಲಿ ಒಮ್ಮೆ ಲೇಸರ್ ಇಟ್ಟು ನೋಡುವುದು, ಗೆರೆ ಜರುಗಿದ್ದರೆ ಒಂದು ಸುತ್ತು ಕೊಡುವುದು. ಡ್ರೈಯರಿನ ಕೊಳವೆಯನ್ನು ಹ್ಯಾಂಗರಿನ ಪಕ್ಕದಿಂದ ಬಳಸಿ ಹಾಯಿಸಿದ್ದೇನೆ, ಸ್ವಲ್ಪ ಸೊಟ್ಟಗಿದೆ.